ಮೂರು ಆರ್ಕಿಟೆಕ್ಚರ್, ಒಂದೇ ಕರ್ನಲ್: ಲಿಂಕರ್ ಸ್ಕ್ರಿಪ್ಟ್ ಸಿಂಬಲ್‌ಗಳನ್ನ ಒಂದು ದಾರಿಗೆ ತರೋದು ಹೇಗೆ?

ಪ್ರಶ್ನೆ: ನಾವು ಗೆಳೆಯರು ಸೇರಿ ಒಂದು ಸಣ್ಣ ಕರ್ನಲ್ ಬರೀತಾ ಇದೀವಿ ಸರ್. ಮೊದ್ಲು ಎಕ್ಸ್86-64, ಆಮೇಲೆ ಆರ್ಮ್64, ಈಗ ರಿಸ್ಕ್-ವಿ. ಮೂರಕ್ಕೂ ಲಿಂಕರ್ ಸ್ಕ್ರಿಪ್ಟ್ (ಕರ್ನಲ್‌ನ ಯಾವ ಭಾಗ ಮೆಮೊರಿಯಲ್ಲಿ ಎಲ್ಲಿ ಕೂರ್ಬೇಕು ಅಂತ ಲಿಂಕರಿಗೆ ಹೇಳೋ ಫೈಲು) ಬರೆದವ್ರು ಬೇರೆಬೇರೆ, ಹಾಗಾಗಿ ಕೋಡ್ ಶುರುವಾಗೋ ಅಡ್ರೆಸ್ಸಿಗೆ ಇಟ್ಟ ಹೆಸರು, ಅಂದ್ರೆ ಸಿಂಬಲ್, ಒಂದ್ರಲ್ಲಿ _ಎಸ್‌ಟೆಕ್ಸ್ಟ್, ಇನ್ನೊಂದ್ರಲ್ಲಿ __ಟೆಕ್ಸ್ಟ್_ಸ್ಟಾರ್ಟ್, ಮತ್ತೊಂದ್ರಲ್ಲಿ ಕರ್ನಲ್_ಸ್ಟಾರ್ಟ್. ಕಾಮನ್ ಕೋಡ್ ತುಂಬಾ ಇಫ್‌ಡೆಫ್ (ಆರ್ಕಿಟೆಕ್ಚರ್ ನೋಡಿ ಕೋಡ್ ಆರಿಸೋ ಷರತ್ತು). ಹೋಗ್ಲಿ ಅಂತ ಹೆಸರುಗಳನ್ನೆಲ್ಲ ಒಂದೇ ಮಾಡಿದ್ವಿ, ಆದ್ರೂ ರಿಸ್ಕ್-ವಿಯಲ್ಲಿ ಮಾತ್ರ ಇನಿಟ್ ಮೆಮೊರಿ (ಬೂಟ್ ಆಗೋವಾಗಷ್ಟೇ ಬೇಕಾದ ಭಾಗ) ಫ್ರೀ ಮಾಡಿದ ಸ್ವಲ್ಪ ಹೊತ್ತಿಗೆ ಕರ್ನಲ್ ಪ್ಯಾನಿಕ್ ಆಗಿ ನಿಂತ್ಹೋಗ್ತಿದೆ. ಲಿನಕ್ಸ್‌ನಲ್ಲಿ ಇಷ್ಟೊಂದು ಆರ್ಕಿಟೆಕ್ಚರ್ ಇದ್ರೂ ಹೇಗೆ ನಿಭಾಯಿಸ್ತಾರೆ?

ಉತ್ತರ: ಮೊದ್ಲು ನಿಮ್ಮ ಪ್ಯಾನಿಕ್ ವಿಷ್ಯ ನೋಡೋಣ, ಉಳಿದಿದ್ದೆಲ್ಲ ಅದ್ರಿಂದಾನೇ ಬಿಚ್ಕೊಳ್ಳತ್ತೆ. ರಿಸ್ಕ್-ವಿಗೆ ಕಂಪೈಲ್ ಮಾಡೋವಾಗ ಜಿಸಿಸಿ ಕಂಪೈಲರ್ ಏನ್ಮಾಡತ್ತೆ ಅಂದ್ರೆ, 8 ಬೈಟ್ ಅಥವಾ ಅದಕ್ಕಿಂತ ಚಿಕ್ಕ ಗ್ಲೋಬಲ್ ವೇರಿಯಬಲ್‌ಗಳನ್ನ .ಡೇಟಾ (ಮೊದಲೇ ಬೆಲೆ ಇರೋವು), .ಬಿಎಸ್ಎಸ್‌ಗೆ (ಸೊನ್ನೆಯಿಂದ ಶುರುವಾಗೋವು) ಹಾಕದೆ .ಎಸ್‌ಡೇಟಾ, .ಎಸ್‌ಬಿಎಸ್ಎಸ್ ಅನ್ನೋ ಬೇರೆ ಸೆಕ್ಷನ್‌ಗಳಿಗೆ ತಳ್ಳತ್ತೆ, ಚಿಕ್ಕವೆಲ್ಲ ಒಂದೇ ಕಡೆ ಇದ್ರೆ ಜಿಪಿ (ಗ್ಲೋಬಲ್ ಪಾಯಿಂಟರ್) ರಿಜಿಸ್ಟರ್ ಇಟ್ಕೊಂಡು ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಟ್ಬೋದು ಅಂತ. ಎಕ್ಸ್86-64, ಆರ್ಮ್64ನಲ್ಲಿ ನೀವು ಇದನ್ನ ನೋಡಿರೋದೇ ಇಲ್ಲ. ಈಗ ನಿಮ್ಮ ರಿಸ್ಕ್-ವಿ ಸ್ಕ್ರಿಪ್ಟನ್ನ ಆರ್ಮ್64 ಸ್ಕ್ರಿಪ್ಟ್ ನೋಡ್ಕೊಂಡು ಬರೆದಿದ್ರೆ (ಬಹುತೇಕ ಎಲ್ರೂ ಹಾಗೇ ಬರಿಯೋದು) ಅದ್ರಲ್ಲಿ .ಎಸ್‌ಡೇಟಾ ಅನ್ನೋ ಸಾಲೇ ಇರಲ್ಲ. ಸ್ಕ್ರಿಪ್ಟಲ್ಲಿ ಹೆಸರಿಲ್ಲದ ಸೆಕ್ಷನ್ ಬಂದ್ರೆ ಲಿಂಕರ್ ಬೈಯಲ್ಲ, ಅದನ್ನ ಆರ್ಫನ್ ಅಂತ ಪರಿಗಣಿಸಿ ತನಗೆ ಸರಿ ಅನ್ಸಿದ ಜಾಗದಲ್ಲಿ ಕೂರಿಸತ್ತೆ. ಆ ಜಾಗ ಇನಿಟ್ ಭಾಗದ ಗಡಿಗಳಾದ __ಇನಿಟ್_ಬಿಗಿನ್ ಮತ್ತೆ __ಇನಿಟ್_ಎಂಡ್ ನಡುವೆ ಬಿತ್ತು ಅಂದ್ಕೊಳ್ಳಿ, ಬೂಟ್ ಪೂರ್ತಿ ಚೆನ್ನಾಗೇ ಆಗತ್ತೆ, ಇನಿಟ್ ಫ್ರೀ ಆದ್ಮೇಲೆ ಆ ಪೇಜ್ ಬೇರೆ ಯಾರಿಗೋ ಹೋಗತ್ತೆ, ನಿಮ್ಮ ಲಾಕು, ಕೌಂಟರು, ಪಾಯಿಂಟರು ಎಲ್ಲ ಕಸ ಆಗತ್ತೆ. ನೀವು ಹೇಳಿರೋ ಲಕ್ಷಣಕ್ಕೆ ಇದು ಸರಿಯಾಗಿ ಹೊಂದತ್ತೆ.

ಹೌದೋ ಅಲ್ವೋ ತಿಳ್ಕೊಳ್ಳೋದು ಸುಲಭ. ಲಿಂಕ್ ಮಾಡೋವಾಗ ಮ್ಯಾಪ್ ಫೈಲ್ (ಯಾವುದು ಯಾವ ಅಡ್ರೆಸ್ಸಲ್ಲಿದೆ ಅನ್ನೋ ಪಟ್ಟಿ) ಬರೆಸಿ, ಅದ್ರಲ್ಲಿ .ಎಸ್‌ಡೇಟಾ ಎಲ್ಲಿದೆ ಹುಡುಕಿ, ಅದ್ರ ಅಡ್ರೆಸ್ಸು ಇನಿಟ್ ರೇಂಜ್ ಒಳಗಿದ್ಯಾ ನೋಡಿ. ಹಾಗೇ .ಎಸ್‌ಬಿಎಸ್ಎಸ್ ಎಲ್ಲಿದೆ ಅಂತಾನೂ ನೋಡ್ಬಿಡಿ, ಯಾಕಂದ್ರೆ ಅದು __ಬಿಎಸ್ಎಸ್_ಸ್ಟಾರ್ಟ್‌ನಿಂದ __ಬಿಎಸ್ಎಸ್_ಸ್ಟಾಪ್ ಒಳಗೆ ಇಲ್ದಿದ್ರೆ ನಿಮ್ಮ ಬೂಟ್ ಕೋಡ್ ಅದನ್ನ ಸೊನ್ನೆ ಮಾಡಿರಲ್ಲ, ಕ್ಯೂಎಮು ಎಮ್ಯುಲೇಟರ್ ಮೆಮೊರಿಯನ್ನ ಸೊನ್ನೆಯಾಗೇ ಕೊಡೋದ್ರಿಂದ ಅಲ್ಲಿ ಏನೂ ಗೊತ್ತಾಗಲ್ಲ, ನಿಜವಾದ ಬೋರ್ಡ್ ಮೇಲೆ ಹಾಕಿದ ದಿನ ಗೊತ್ತಾಗತ್ತೆ.

ಇಲ್ಲಿ ಗಮನಿಸಿ, ಮೂರೂ ಸ್ಕ್ರಿಪ್ಟಲ್ಲಿ ಹೆಸರು ಒಂದೇ ಇತ್ತು. ಹಾಗಾದ್ರೂ ಒಡೀತು. ಯಾಕಂದ್ರೆ ಹೆಸರು ಒಂದೇ ಇರೋದು ಬೇರೆ, ಆ ಎರಡು ಹೆಸರಿನ ನಡುವೆ ಏನಿರತ್ತೆ ಅನ್ನೋ ಕರಾರು ಒಂದೇ ಇರೋದು ಬೇರೆ. ಲಿಂಕರ್ ಸಿಂಬಲ್ ಅಂದ್ರೆ ಹೊಲದ ಬಾಂದು ಕಲ್ಲಿದ್ದ ಹಾಗೆ: ಕಲ್ಲಿಗೆ ಅದ್ರದ್ದೇ ಅಂತ ಬೆಲೆ ಏನಿಲ್ಲ, ಅದು ಎಲ್ಲಿ ನಿಂತಿದೆ ಅನ್ನೋದಷ್ಟೇ ಮುಖ್ಯ, ಮತ್ತೆ ಜಗಳ ಯಾವಾಗ್ಲೂ ಕಲ್ಲಿನ ಬಗ್ಗೆ ಅಲ್ಲ, ಬದು ಯಾರದ್ದು ಅನ್ನೋದ್ರ ಬಗ್ಗೆ.

ಕಲ್ಲಿಗೆ ಬೆಲೆ ಇಲ್ಲ ಅನ್ನೋದನ್ನ ಸಿ ಕೋಡಲ್ಲಿ ಸರಿಯಾಗಿ ಹೇಳ್ಬೇಕು, ಇಲ್ಲೇ ತುಂಬಾ ಜನ ಎಡವೋದು. _ಎಸ್‌ಟೆಕ್ಸ್ಟ್ ಅನ್ನೋದು ವೇರಿಯಬಲ್ ಅಲ್ಲ, ಅದಕ್ಕೆ ಸ್ಟೋರೇಜ್ ಇಲ್ಲ, ಸಿಂಬಲ್ ಟೇಬಲ್‌ನಲ್ಲಿ ಒಂದು ಅಡ್ರೆಸ್ ಅಷ್ಟೆ. ಅದನ್ನ ಎಕ್ಸ್‌ಟರ್ನ್ ಚಾರ್ ಪಾಯಿಂಟರ್ ಅಂತ ಡಿಕ್ಲೇರ್ ಮಾಡಿದ್ರೆ ಕಂಪೈಲರ್ ಆ ಅಡ್ರೆಸ್‌ಗೆ ಹೋಗಿ ಅಲ್ಲಿರೋ 8 ಬೈಟ್ ಓದಿ, ಅಂದ್ರೆ ನಿಮ್ಮ ಕರ್ನಲ್‌ನ ಮೊದಲ ಒಂದೆರಡು ಇನ್‌ಸ್ಟ್ರಕ್ಷನ್‌ಗಳನ್ನೇ ಓದಿ, ಅದನ್ನ ಪಾಯಿಂಟರ್ ಅಂದ್ಕೊಳ್ಳತ್ತೆ. ಬರೀ ಎಕ್ಸ್‌ಟರ್ನ್ ಚಾರ್ ಅಂತ ಹೇಳಿ ಮುಂದೆ ಆಂಪರ್‌ಸ್ಯಾಂಡ್ ಹಾಕ್ಕೊಂಡ್ರೆ ಎಕ್ಸ್86ನಲ್ಲಿ ನಡಿಯತ್ತೆ, ಆದ್ರೆ ಮಿಪ್ಸ್, ಆಲ್ಫಾ ತರ ಚಿಕ್ಕ ಡೇಟಾಗೆ ಜಿಪಿ ಬಳಸೋ ಆರ್ಕಿಟೆಕ್ಚರ್‌ಗಳಲ್ಲಿ ಕಂಪೈಲರು ಓಹೋ ಇದು 1 ಬೈಟಿನ ವಸ್ತು, ಹತ್ರಾನೇ ಇರತ್ತೆ ಅಂತ ಜಿಪಿ ಲೆಕ್ಕದಲ್ಲಿ ಕೋಡ್ ಹುಟ್ಟಿಸ್ಬೋದು, ಆಮೇಲೆ _ಎಂಡ್ ಎಷ್ಟೋ ಮೆಗಾಬೈಟ್ ದೂರದಲ್ಲಿದ್ರೆ ರೀಲೊಕೇಶನ್ (ಲಿಂಕರ್ ಆಮೇಲೆ ತುಂಬೋ ಅಡ್ರೆಸ್) ಹಿಡಿಸಲ್ಲ ಅಂತ ಲಿಂಕ್ ಒಡಿಯತ್ತೆ. ಅದಕ್ಕೇ ಲಿನಕ್ಸ್‌ನಲ್ಲಿ ಎಲ್ಲವನ್ನೂ ಸೈಜ್ ಇಲ್ಲದ ಚಾರ್ ಅರೇ ಅಂತ ಡಿಕ್ಲೇರ್ ಮಾಡಿರೋದು: ಎಕ್ಸ್‌ಟರ್ನ್ ಚಾರ್ _ಎಸ್‌ಟೆಕ್ಸ್ಟ್[]. ಸೈಜ್ ಗೊತ್ತಿಲ್ಲ ಅಂದ್ಮೇಲೆ ಕಂಪೈಲರ್ ಊಹೆ ಮಾಡೋಕೆ ಹೋಗಲ್ಲ. ಇದ್ರಲ್ಲೂ ಒಂದು ಸಣ್ಣ ಕಿರಿಕಿರಿ ಇದೆ, ಎರಡು ಅರೇಗಳನ್ನ ನೇರವಾಗಿ ಹೋಲಿಸಿದ್ರೆ ಕ್ಲ್ಯಾಂಗ್ ವಾರ್ನಿಂಗ್ ಕೊಡತ್ತೆ, 2020ರ ಹೊತ್ತಿಗೆ ಲಿನಕ್ಸ್‌ನಲ್ಲಿ ಅಂಥ ಜಾಗಗಳಿಗೆಲ್ಲ ಮುಂದೆ ಆಂಪರ್‌ಸ್ಯಾಂಡ್ ಹಾಕಿ ಸುಮ್ಮನಿರಿಸಿದ್ರು. ನೀವು ಇನ್ನೂ ನೀಟಾಗಿ ಮಾಡ್ಬೇಕಂದ್ರೆ ಅನ್‌ಸೈನ್ಡ್ ಲಾಂಗ್‌ಗೆ ಕಾಸ್ಟ್ ಮಾಡಿ ಹೋಲಿಸೋ ಒಂದೆರಡು ಇನ್‌ಲೈನ್ ಫಂಕ್ಷನ್ ಬರೆದು, ಬೇರೆ ಯಾರೂ ಈ ಸಿಂಬಲ್‌ಗಳನ್ನ ನೇರವಾಗಿ ಮುಟ್ಟದ ಹಾಗೆ ಮಾಡಿ. ಲಿನಕ್ಸ್ ಕೂಡ 2021ರಲ್ಲಿ ಇದೇ ದಾರಿ ಹಿಡೀತು, ಅಲ್ಲಲ್ಲಿ ಚದುರಿದ್ದ ರೇಂಜ್ ಚೆಕ್‌ಗಳನ್ನ __ಈಸ್_ಕರ್ನಲ್_ಟೆಕ್ಸ್ಟ್, ಈಸ್_ಕರ್ನಲ್_ಇನಿಟ್‌ಟೆಕ್ಸ್ಟ್ ಅಂತ ಒಂದೇ ಹೆಡರಿಗೆ ತಂದ್ರು.

ಆ ಹೆಡರೇ ಎಎಸ್ಎಂ-ಜೆನೆರಿಕ್ ಡೈರೆಕ್ಟರಿಯಲ್ಲಿರೋ ಸೆಕ್ಷನ್ಸ್.ಎಚ್. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಆ ಫೈಲಿನ ತಲೆಮೇಲಿರೋ ಕಾಮೆಂಟು, ಕೋಡಿಗಿಂತ ಅದನ್ನ ಮೊದ್ಲು ಓದಿ. ಅದ್ರ ಸಾರಾಂಶ ಹೀಗಿದೆ: _ಎಸ್‌ಟೆಕ್ಸ್ಟ್‌ನಿಂದ _ಇಟೆಕ್ಸ್ಟ್ ತನಕ ಕೋಡ್ ಇರತ್ತೆ, ಅದ್ರ ಜೊತೆ ರೊಡೇಟಾನೋ (ಓದೋಕೆ ಮಾತ್ರ ಇರೋ ಡೇಟಾ) ಇನಿಟ್ಟೋ ಇದ್ರೂ ಇರ್ಬೋದು, _ಎಸ್‌ಡೇಟಾದಿಂದ _ಇಡೇಟಾ ತನಕ ಡೇಟಾ ಇರತ್ತೆ, ಅದ್ರಲ್ಲೂ ರೊಡೇಟಾ ಇರ್ಬೋದು, __ಇನಿಟ್_ಬಿಗಿನ್‌ನಿಂದ __ಇನಿಟ್_ಎಂಡ್ ತನಕ ಇನಿಟ್, ಆದ್ರೆ ಕೆಲವು ಆರ್ಕಿಟೆಕ್ಚರ್‌ಗಳಲ್ಲಿ ಇನಿಟ್ ಕೋಡ್ ಅದ್ರ ಹೊರಗಿರ್ಬೋದು, ಅದಕ್ಕೆ ಬೇರೆಯಾಗಿ _ಎಸ್‌ಇನಿಟ್‌ಟೆಕ್ಸ್ಟ್, _ಇಇನಿಟ್‌ಟೆಕ್ಸ್ಟ್ ಇದೆ, ಬಿಎಸ್ಎಸ್‌ಗೆ __ಬಿಎಸ್ಎಸ್_ಸ್ಟಾರ್ಟ್, __ಬಿಎಸ್ಎಸ್_ಸ್ಟಾಪ್. ಮತ್ತೆ ಮೊಟ್ಟಮೊದಲ ಸಾಲೇ ಏನು ಹೇಳತ್ತೆ ಅಂದ್ರೆ _ಟೆಕ್ಸ್ಟ್, _ಡೇಟಾ ಇವೆರಡೂ ಆರ್ಕಿಟೆಕ್ಚರಿಗೆ ಸೇರಿದ್ದು, ಕಾಮನ್ ಕೋಡಲ್ಲಿ ಬಳಸ್ಬೇಡಿ ಅಂತ. ನನಗೆ ಈ ಕಾಮೆಂಟಲ್ಲಿ ಇಷ್ಟ ಆಗೋದು ಅದ್ರ ಪ್ರಾಮಾಣಿಕತೆ, ಎಲ್ಲೆಲ್ಲಿ ಗ್ಯಾರಂಟಿ ಇಲ್ವೋ ಅಲ್ಲಲ್ಲಿ ಇರ್ಬೋದು ಅಂತ ಬಿಚ್ಚಿ ಹೇಳಿದಾರೆ, ಹಾಗಾಗಿ ಕಾಮನ್ ಕೋಡ್ ಬರಿಯೋರಿಗೆ ಎಷ್ಟನ್ನ ನಂಬ್ಬೋದು ಅಂತ ಗೊತ್ತಾಗತ್ತೆ.

_ಟೆಕ್ಸ್ಟ್ ಯಾಕೆ ಬೇಡ ಅನ್ನೋದನ್ನ ನಿಮ್ಮ ಮೂರೇ ಆರ್ಕಿಟೆಕ್ಚರ್‌ಗಳಲ್ಲಿ ನೋಡಿ. ಲಿನಕ್ಸ್‌ನ ಎಕ್ಸ್86 ಸ್ಕ್ರಿಪ್ಟಲ್ಲಿ _ಟೆಕ್ಸ್ಟ್, _ಎಸ್‌ಟೆಕ್ಸ್ಟ್ ಎರಡೂ ಒಂದೇ ಅಡ್ರೆಸ್. ಆರ್ಮ್64ನಲ್ಲಿ _ಟೆಕ್ಸ್ಟ್ ಅಂದ್ರೆ ಇಮೇಜಿನ ಮೊಟ್ಟಮೊದಲ ಬೈಟು, ಅಲ್ಲಿರೋದು ಬೂಟ್‌ಲೋಡರ್ ಓದೋ 64 ಬೈಟಿನ ಇಮೇಜ್ ಹೆಡರ್, ಆಮೇಲೆ 64 ಕೆಬಿ ಅಲೈನ್‌ಮೆಂಟ್ ಆಗಿ (64 ಕೆಬಿಯ ಗುಣಕವಾದ ಅಡ್ರೆಸ್ಸಿಗೆ ಸರಿದು) ಮುಂದೆ _ಎಸ್‌ಟೆಕ್ಸ್ಟ್ ಶುರುವಾಗತ್ತೆ, ಅಂದ್ರೆ ಎರಡರ ಮಧ್ಯೆ 64 ಕೆಬಿ ಅಂತರ. ರಿಸ್ಕ್-ವಿಗೆ ಬನ್ನಿ, ಅಲ್ಲೂ ಬೂಟ್‌ಲೋಡರಿಗೆ ಅಂತ ಅದೇ ತರದ ಇಮೇಜ್ ಹೆಡರ್ ಇದೆ, ಆದ್ರೆ ಅದ್ರ ತಲೆಗೆ _ಸ್ಟಾರ್ಟ್ ಅಂತ ಹೆಸರು, _ಟೆಕ್ಸ್ಟ್ ಮತ್ತೆ _ಎಸ್‌ಟೆಕ್ಸ್ಟ್ ಎರಡೂ ಹೆಡ್ ಭಾಗ ಮುಗಿದ್ಮೇಲೆ ಒಟ್ಟಿಗೇ ಬರತ್ತೆ. ಈಗ ಯಾರಾದ್ರೂ ಕಾಮನ್ ಕೋಡಲ್ಲಿ ಕರ್ನಲ್ ಸೈಜ್ ಅಂದ್ರೆ _ಎಂಡ್ ಮೈನಸ್ _ಟೆಕ್ಸ್ಟ್ ಅಂತ ಬರೆದು ಅಷ್ಟು ಮೆಮೊರಿ ರಿಸರ್ವ್ ಮಾಡಿದ್ರು ಅಂದ್ಕೊಳ್ಳಿ, ಆರ್ಮ್64ನಲ್ಲಿ ಸರಿ ಹೋಗತ್ತೆ, ರಿಸ್ಕ್-ವಿಯಲ್ಲಿ ಹೆಡ್ ಭಾಗ ರಿಸರ್ವ್ ಆಗದೇ ಉಳಿಯತ್ತೆ. ಒಂದೇ ಹೆಸರು, ಎರಡು ಅರ್ಥ. ಬೇರೆಬೇರೆ ಹೆಸರಿಗಿಂತ ಇದು ಕೆಟ್ಟದ್ದು, ಹೆಸರು ಬೇರೆ ಇದ್ರೆ ಕನಿಷ್ಠ ಲಿಂಕರ್ ಅನ್‌ಡಿಫೈನ್ಡ್ ಸಿಂಬಲ್ ಅಂತಾದ್ರೂ ಕಿರುಚತ್ತೆ.

ಈ ಹೆಸರುಗಳು ಎಲ್ಲಿಂದ ಬಂದ್ವು ಅಂದ್ರೆ ಹಳೇ ಯುನಿಕ್ಸ್‌ನಿಂದ. ಇಟೆಕ್ಸ್ಟ್, ಇಡೇಟಾ, ಎಂಡ್ ಈ ಮೂರು ಆಗ್ಲೇ ಇದ್ವು, ಇವತ್ತಿಗೂ ಲಿನಕ್ಸ್ ಮ್ಯಾನುಯಲ್‌ನಲ್ಲಿ ಎಂಡ್ ಅನ್ನೋ ಪೇಜ್ ತೆಗೆದ್ರೆ ಸಿಗತ್ತೆ, ಮೂರಕ್ಕೂ ಅರ್ಥ ಆ ಭಾಗ ಮುಗಿದ ನಂತರದ ಮೊದಲ ಅಡ್ರೆಸ್ ಅಂತ. ಅದನ್ನ ನೀವೂ ಕಟ್ಟುನಿಟ್ಟಾಗಿ ಪಾಲಿಸಿ: ಶುರುವಿನ ಸಿಂಬಲ್ ಒಳಗೆ, ಕೊನೆಯ ಸಿಂಬಲ್ ಹೊರಗೆ, ಎಲ್ಲ ಕಡೆ. ಎಂಐಟಿಯವ್ರು ಪಾಠಕ್ಕೆ ಬಳಸೋ ಎಕ್ಸ್‌ವಿ6 ಕರ್ನಲ್ ಒಂದೇ ಆರ್ಕಿಟೆಕ್ಚರಿಗೆ ಆದ್ರಿಂದ ಇಟೆಕ್ಸ್ಟ್ ಮತ್ತೆ ಎಂಡ್ ಎರಡರಲ್ಲೇ ಸಂಸಾರ ಮುಗಿಸತ್ತೆ, ಇಟೆಕ್ಸ್ಟ್ ತನಕ ಓದು-ಓಡಿಸು ಮ್ಯಾಪಿಂಗು, ಅಲ್ಲಿಂದಾಚೆ ಓದು-ಬರಿ ಮ್ಯಾಪಿಂಗು, ಎಂಡ್ ಆದ್ಮೇಲೆ ಫ್ರೀ ಪೇಜ್‌ಗಳು. ನಿಮ್ಮ ಕರ್ನಲ್ ಅಷ್ಟು ಚಿಕ್ಕದಿದ್ರೆ ನೀವೂ ಸಿಂಬಲ್‌ಗಳ ಪಟ್ಟಿ ಬೆಳೆಸ್ಬೇಡಿ ಅಂತ ನನ್ನ ಸಲಹೆ, ಪ್ರತಿ ಹೊಸ ಜೋಡಿ ಸಿಂಬಲ್ ಮೂರೂ ಸ್ಕ್ರಿಪ್ಟಲ್ಲಿ ಉಳಿಸ್ಕೋಬೇಕಾದ ಮಾತು.

ಕರಾರು ಬಾಯಿಮಾತಲ್ಲಿ ಇದ್ರೆ ಏನಾಗತ್ತೆ ಅನ್ನೋದಕ್ಕೆ ಲಿನಕ್ಸ್‌ನಲ್ಲೇ 2011ರ ಒಂದು ಪ್ರಸಂಗ ಇದೆ. ಎಫ್‌ಟ್ರೇಸ್‌ಗೆ (ಕರ್ನಲ್ ಫಂಕ್ಷನ್‌ಗಳ ಓಟ ಗಮನಿಸೋ ಸೌಲಭ್ಯ) ಒಂದು ಸಣ್ಣ ವಿಷ್ಯ ಗೊತ್ತಾಗ್ಬೇಕಿತ್ತು, ತನ್ನ ಹತ್ರ ರಿಜಿಸ್ಟರ್ ಮಾಡೋಕೆ ಬಂದ ಸ್ಟ್ರಕ್ಚರ್ ಕರ್ನಲ್‌ನ ಸ್ಥಿರ ಡೇಟಾದಲ್ಲಿ ಇದ್ಯಾ ಅಥವಾ ಯಾವಾಗ್ಲಾದ್ರೂ ಫ್ರೀ ಆಗಿಬಿಡೋ ಮೆಮೊರಿಯಲ್ಲಿದ್ಯಾ ಅಂತ. ಅದಕ್ಕೆ ಕೋರ್_ಕರ್ನಲ್_ಡೇಟಾ ಅನ್ನೋ ಫಂಕ್ಷನ್ ಬಂತು, ಒಳಗೆ ಇರೋದು ಅಡ್ರೆಸ್ಸು _ಎಸ್‌ಡೇಟಾಗಿಂತ ಮೇಲೆ, _ಇಡೇಟಾಗಿಂತ ಕೆಳಗೆ ಇದ್ಯಾ ಅನ್ನೋ ಹೋಲಿಕೆ ಅಷ್ಟೆ. ಆದ್ರೆ ಕೆಲವು ಆರ್ಕಿಟೆಕ್ಚರ್‌ಗಳಲ್ಲಿ _ಎಸ್‌ಡೇಟಾ ಅನ್ನೋದೇ ಇರ್ಲಿಲ್ಲ, ಅಲ್ಲೀತನಕ ಯಾರೂ ಕೇಳಿರ್ಲಿಲ್ಲ. ಹಾಗಾಗಿ ಎಲ್ಲ ಸ್ಕ್ರಿಪ್ಟ್‌ಗಳನ್ನ ಹುಡುಕ್ಕೊಂಡು ಹೋಗಿ ಇಲ್ಲದ ಕಡೆ _ಎಸ್‌ಡೇಟಾ ಸೇರಿಸಿದ್ರು, ಜೊತೆಗೆ ನಿಯಮಾನೂ ಬರೆದಿಟ್ರು: _ಎಸ್‌ಡೇಟಾ, _ಇಡೇಟಾ ಎರಡೂ ಇರ್ಲೇಬೇಕು, ನಡುವೆ ಅಖಂಡವಾಗಿರ್ಬೇಕು, ಆಮೇಲೆ ಫ್ರೀ ಆಗೋ ಇನಿಟ್ ಸೆಕ್ಷನ್ ಅದ್ರೊಳಗೆ ಬರ್ಬಾರ್ದು. ಓದೋಕೆ ಮಾತ್ರ ಇರೋ ಡೇಟಾಗೆ ಈ ಫಂಕ್ಷನ್ ಹೌದು ಅನ್ಬೋದು ಇಲ್ಲ ಅನ್ಬೋದು, ಬರಿಯೋ ಡೇಟಾಗೆ ಮಾತ್ರ ಯಾವಾಗ್ಲೂ ಹೌದು ಅನ್ಬೇಕು ಅಂತ ಫಂಕ್ಷನ್ ಮೇಲೇ ಕಾಮೆಂಟ್ ಇದೆ. ನಿಯಮ ಹುಟ್ಟಿದ ರೀತಿ ನೋಡಿ, ಸ್ಕ್ರಿಪ್ಟ್ ಬರಿಯೋರು ಕೂತು ಚಂದಕ್ಕೆ ಮಾಡಿದ್ದಲ್ಲ, ಆ ರೇಂಜನ್ನ ಬಳಸೋ ಕೋಡಿಗೆ ಏನು ಬೇಕಿತ್ತೋ ಅಲ್ಲಿಂದ ಬಂದಿದ್ದು.

ಹಾಗಾಗಿ ನೀವೂ ಉಲ್ಟಾದಿಂದ ಶುರು ಮಾಡಿ. ಕಾಮನ್ ಕೋಡಲ್ಲಿ ಯಾರ್ಯಾರು ಯಾವ ಸಿಂಬಲ್ ಬಳಸ್ತಾರೆ ಅಂತ ಗ್ರೆಪ್ ಹೊಡೀರಿ, ಅಂದ್ರೆ ಫೈಲ್‌ಗಳಲ್ಲಿ ಹುಡುಕಿ. ಪೇಜ್ ಟೇಬಲ್ ಕಟ್ಟೋ ಕೋಡಿಗೆ ಪರ್ಮಿಷನ್ ಬದಲಾಗೋ ಗಡಿಗಳು ಪೇಜ್ ಅಲೈನ್ ಆಗಿರ್ಬೇಕು. ಇನಿಟ್ ಫ್ರೀ ಮಾಡೋ ಕೋಡಿಗೆ ಎರಡೂ ಗಡಿ ಪೇಜ್ ಅಲೈನ್ ಆಗಿರ್ಬೇಕು ಮತ್ತೆ ಒಳಗೆ ಬೇರೆ ಯಾರೂ ಇರ್ಬಾರ್ದು. ಲಿನಕ್ಸ್‌ನ ಫ್ರೀ ಫಂಕ್ಷನ್ ಶುರುವನ್ನ ಮೇಲಕ್ಕೂ ಕೊನೆಯನ್ನ ಕೆಳಕ್ಕೂ ರೌಂಡ್ ಮಾಡ್ಕೊಳ್ಳತ್ತೆ, ಅಲೈನ್‌ಮೆಂಟ್ ತಪ್ಪಿದ್ರೆ ಒಂದೆರಡು ಪೇಜ್ ವ್ಯರ್ಥ ಆಗ್ಬೋದು ಅಷ್ಟೆ, ಪಕ್ಕದವ್ರ ಪೇಜ್ ಹೋಗಲ್ಲ. ನಿಮ್ಮದು ಹೇಗೆ ರೌಂಡ್ ಮಾಡತ್ತೆ ಒಮ್ಮೆ ನೋಡ್ಕೊಳ್ಳಿ. ಸ್ಟ್ಯಾಕ್ ಟ್ರೇಸ್ ಪ್ರಿಂಟ್ ಮಾಡೋ ಕೋಡಿಗೆ ಅಲೈನ್‌ಮೆಂಟ್ ಬೇಡ, ಆದ್ರೆ ಎಲ್ಲ ಕೋಡೂ ರೇಂಜ್ ಒಳಗಿರ್ಬೇಕು. ಯೂಸರ್ ಕಾಪಿ ಚೆಕ್ ಇದ್ರೆ, ಅಂದ್ರೆ ಯೂಸರ್ ಸ್ಪೇಸ್‌ಗೆ ಕರ್ನಲ್ ಕೋಡ್ ಸೋರಿಕೆ ಆಗ್ತಿದ್ಯಾ ಅಂತ ನೋಡೋ ಲಿನಕ್ಸ್ 4.8ರಲ್ಲಿ ಬಂದ ಹಾರ್ಡನ್ಡ್ ಯೂಸರ್‌ಕಾಪಿ ತರದ್ದು, ಅದಕ್ಕೆ _ಎಸ್‌ಟೆಕ್ಸ್ಟ್ ಮತ್ತೆ _ಇಟೆಕ್ಸ್ಟ್ ಸಾಕಾಗಲ್ಲ, ಅದೇ ಕೋಡ್ ಲೀನಿಯರ್ ಮ್ಯಾಪ್‌ನಲ್ಲಿ (ಫಿಸಿಕಲ್ ಮೆಮೊರಿಯ ನೇರ ಮ್ಯಾಪಿಂಗು) ಇನ್ನೊಂದು ಅಡ್ರೆಸ್ಸಿನಲ್ಲೂ ಕಾಣಿಸೋ ಆರ್ಕಿಟೆಕ್ಚರ್‌ಗಳಿವೆ, ಆ ಎರಡನೇ ಅಡ್ರೆಸ್ಸನ್ನೂ ನೋಡ್ಬೇಕು. ಪ್ರತಿ ಬಳಕೆದಾರನ ಬೇಡಿಕೆ ಪಟ್ಟಿ ಆದ್ಮೇಲೆ ಕರಾರು ತಾನಾಗೇ ಬರತ್ತೆ, ಅದನ್ನ ಒಂದು ಹೆಡರಲ್ಲಿ ಕಾಮೆಂಟಾಗಿ ಬರೆದು ಡಿಕ್ಲರೇಶನ್‌ಗಳನ್ನ ಅಲ್ಲಿ ಬಿಟ್ಟು ಬೇರೆಲ್ಲೂ ಇಡ್ಬೇಡಿ.

ಇನ್ನು ಸ್ಕ್ರಿಪ್ಟ್ ಕಡೆ. ಲಿನಕ್ಸ್‌ನಲ್ಲಿ ಪ್ರತಿ ಆರ್ಕಿಟೆಕ್ಚರಿಗೂ ತನ್ನದೇ ವಿಎಂಲಿನಕ್ಸ್ (ಲಿಂಕ್ ಆದ ಪೂರ್ತಿ ಕರ್ನಲ್ ಫೈಲು) ಲಿಂಕರ್ ಸ್ಕ್ರಿಪ್ಟ್ ಇದೆ, ಒಂದೇ ಸ್ಕ್ರಿಪ್ಟ್ ಮಾಡೋಕೆ ಅವ್ರು ಹೋಗಿಲ್ಲ, ಹೋಗೋದೂ ಬೇಡ. ಬದಲಿಗೆ ಸ್ಕ್ರಿಪ್ಟನ್ನ ಸಿ ಪ್ರೀಪ್ರೊಸೆಸರ್ ಮೂಲಕ ಹಾಯಿಸ್ತಾರೆ, ಕಾಮನ್ ತುಣುಕುಗಳೆಲ್ಲ ವಿಎಂಲಿನಕ್ಸ್.ಎಲ್‌ಡಿಎಸ್.ಎಚ್ ಅನ್ನೋ ಹೆಡರಲ್ಲಿ ಮ್ಯಾಕ್ರೊಗಳಾಗಿವೆ. ಆರ್ಕಿಟೆಕ್ಚರ್ ಸ್ಕ್ರಿಪ್ಟಿನ ಕೆಲಸ ಎಲ್ಲಿಂದ ಶುರು, ಯಾವ ಕ್ರಮ, ಎಷ್ಟು ಅಲೈನ್‌ಮೆಂಟ್ ಅಂತ ಹೇಳೋದು. ಒಳಗೆ ಏನೇನು ಸೇರ್ಬೇಕು, ಯಾವ ಸಿಂಬಲ್ ಎಲ್ಲಿ ಬರ್ಬೇಕು ಅನ್ನೋದು ಆದಷ್ಟೂ ಮ್ಯಾಕ್ರೊ ಕೈಯಲ್ಲಿ. ಉದಾಹರಣೆಗೆ ಬಿಎಸ್ಎಸ್_ಸೆಕ್ಷನ್ ಮ್ಯಾಕ್ರೊ ಬಿಚ್ಚಿ ನೋಡಿ: ಮೊದ್ಲು ಅಲೈನ್ ಮಾಡತ್ತೆ, __ಬಿಎಸ್ಎಸ್_ಸ್ಟಾರ್ಟ್ ಇಡತ್ತೆ, ಆಮೇಲೆ .ಎಸ್‌ಬಿಎಸ್ಎಸ್, ಆಮೇಲೆ .ಬಿಎಸ್ಎಸ್, ಮತ್ತೆ ಅಲೈನ್, ಕೊನೆಗೆ __ಬಿಎಸ್ಎಸ್_ಸ್ಟಾಪ್. ಚಿಕ್ಕ ಡೇಟಾ ಇಲ್ಲದ ಆರ್ಕಿಟೆಕ್ಚರಲ್ಲಿ .ಎಸ್‌ಬಿಎಸ್ಎಸ್ ಖಾಲಿ, ಏನೂ ನಷ್ಟ ಇಲ್ಲ, ಇರೋ ಕಡೆ ತಾನಾಗೇ ಸೊನ್ನೆ ಆಗೋ ರೇಂಜ್ ಒಳಗೆ ಬಂತು. ನಿಮ್ಮ ತೊಂದ್ರೆಯ ಅರ್ಧ ಈ ಒಂದು ಮ್ಯಾಕ್ರೊದಲ್ಲೇ ಮುಗೀತಿತ್ತು. ಉಳಿದರ್ಧಕ್ಕೆ ಲಿನಕ್ಸ್‌ನ ರಿಸ್ಕ್-ವಿ ಸ್ಕ್ರಿಪ್ಟು .ಎಸ್‌ಡೇಟಾವನ್ನ _ಇಡೇಟಾಗಿಂತ ಮುಂಚೆ ಬರೆದಿದೆ. ಆ ಹೆಡರಿನ ಮೇಲ್ಗಡೆ ಹೊಸ ಆರ್ಕಿಟೆಕ್ಚರ್ ತರೋರಿಗೆ ಅಂತಾನೇ ಒಂದು ಮಾದರಿ ಸ್ಕ್ರಿಪ್ಟ್ ಕಾಮೆಂಟಲ್ಲಿದೆ, ನೀವು ಅದನ್ನೇ ಎದುರಿಗಿಟ್ಕೊಂಡು ನಿಮ್ಮದು ಬರೆದ್ರೆ ಸಾಕು.

ಮ್ಯಾಕ್ರೊ ಬರಿಯೋವಾಗ ಒಂದು ಸೂಕ್ಷ್ಮ. ಸಿಂಬಲನ್ನ ಔಟ್‌ಪುಟ್ ಸೆಕ್ಷನ್‌ನ ಬ್ರೇಸ್ ಹೊರಗೆ ಇಡೋದು, ಒಳಗೆ ಇಡೋದು ಎರಡೂ ಒಂದೇ ಅಲ್ಲ. ಹೊರಗೆ _ಎಸ್‌ಡೇಟಾ ಇಕ್ವಲ್ಸ್ ಡಾಟ್ (ಡಾಟ್ ಅಂದ್ರೆ ಸದ್ಯದ ಅಡ್ರೆಸ್) ಅಂತ ಬರೆದು ಮುಂದಿನ ಸಾಲಲ್ಲಿ .ಡೇಟಾ ಸೆಕ್ಷನ್ನಿಗೆ 4096 ಅಲೈನ್‌ಮೆಂಟ್ ಕೊಟ್ರೆ, ಸಿಂಬಲ್ ಪ್ಯಾಡಿಂಗ್‌ಗಿಂತ ಮೊದ್ಲೇ ನಿಂತ್ಬಿಡತ್ತೆ, ಡೇಟಾ ಮುಂದಿನ ಪೇಜಲ್ಲಿ ಶುರು. ಎಕ್ಸ್86ನಲ್ಲಿ ಅದೃಷ್ಟಕ್ಕೆ ಹಿಂದಿನ ಸೆಕ್ಷನ್ ಪೇಜ್ ಗಡಿಯಲ್ಲೇ ಮುಗಿದಿದ್ರೆ ಗೊತ್ತೇ ಆಗಲ್ಲ. ಇನ್ನೊಂದು, ಹೊರಗೆ ಇಟ್ಟ ಸಿಂಬಲ್ ಯಾವ ಸೆಕ್ಷನ್ನಿಗೆ ಸೇರಿದ್ದು ಅನ್ನೋದು ಲಿಂಕರಿಗೆ ಖಚಿತ ಇಲ್ದೆ ಅದನ್ನ ಆಬ್ಸಲ್ಯೂಟ್ (ಯಾವ ಸೆಕ್ಷನ್ನಿಗೂ ಸೇರದ ಸ್ಥಿರ ಬೆಲೆ) ಅಂತ ಗುರುತು ಹಾಕ್ಬೋದು. ಕರ್ನಲ್ ಲಿಂಕ್ ಆದ ಅಡ್ರೆಸ್ಸಲ್ಲೇ ಓಡಿದ್ರೆ ಪರ್ವಾಗಿಲ್ಲ, ಆದ್ರೆ ಕೆಎಎಸ್ಎಲ್ಆರ್ (ಪ್ರತಿ ಬೂಟಿಗೂ ಕರ್ನಲ್ ಜಾಗ ಬದಲಿಸೋ ರಕ್ಷಣೆ) ಮಾಡಿ ಕರ್ನಲನ್ನ ಸರಿಸಿದ್ರೆ ಆಬ್ಸಲ್ಯೂಟ್ ಸಿಂಬಲ್ ಸರಿಯಲ್ಲ, ಹಳೇ ಜಾಗದಲ್ಲೇ ನಿಲ್ಲತ್ತೆ. ಎಕ್ಸ್86 ಲಿನಕ್ಸ್‌ನಲ್ಲಿ ರೀಲೊಕ್ಸ್ ಅನ್ನೋ ಬಿಲ್ಡ್ ಟೂಲ್ ಇದೆ, ಅದ್ರೊಳಗೆ ಒಂದು ಪಟ್ಟಿ ಇಟ್ಕೊಂಡಿದಾರೆ, ಲಿಂಕರ್ ಆಬ್ಸಲ್ಯೂಟ್ ಅಂದ್ರೂ ಇವನ್ನ ರಿಲೇಟಿವ್ ಅಂತಾನೇ ತಗೋ ಅಂತ, __ಇನಿಟ್_ಬಿಗಿನ್, __ಇನಿಟ್_ಎಂಡ್, _ಎಂಡ್ ಎಲ್ಲ ಅದ್ರಲ್ಲಿವೆ. ನೀವು ಅಂಥ ಪಟ್ಟಿ ಸಾಕೋ ಬದಲು ಸಾಧ್ಯ ಆದ ಕಡೆಯೆಲ್ಲ ಸಿಂಬಲನ್ನ ಬ್ರೇಸ್ ಒಳಗೇ ಇಡಿ.

ಇದಕ್ಕೆ ಅಂಟ್ಕೊಂಡ ಇನ್ನೊಂದು ಮಾತು, ಸೈಜನ್ನ ಸಿಂಬಲ್ ಮಾಡ್ಬೇಡಿ. ಕರ್ನಲ್_ಸೈಜ್ ಇಕ್ವಲ್ಸ್ _ಎಂಡ್ ಮೈನಸ್ _ಎಸ್‌ಟೆಕ್ಸ್ಟ್ ಅಂತ ಸ್ಕ್ರಿಪ್ಟಲ್ಲಿ ಬರೆದ್ರೆ ಅದು ಸಣ್ಣದೊಂದು ಆಬ್ಸಲ್ಯೂಟ್ ಸಂಖ್ಯೆ, ಸಿ ಕೋಡಿಂದ ಅದ್ರ ಅಡ್ರೆಸ್ ತಗೊಳ್ಳೋಕೆ ಹೋದ್ರೆ ರಿಸ್ಕ್-ವಿಯಲ್ಲಿ ಮೆಡ್‌ಎನಿ ಅನ್ನೋ ಕೋಡ್ ಮಾಡೆಲ್ ಪಿಸಿಯಿಂದ (ಈಗ ಓಡ್ತಿರೋ ಇನ್‌ಸ್ಟ್ರಕ್ಷನ್ ಅಡ್ರೆಸ್) ಆಚೀಚೆ 2 ಜಿಬಿ ಒಳಗಷ್ಟೇ ತಲುಪತ್ತೆ, ಕರ್ನಲ್ ಇರೋದು ಅಡ್ರೆಸ್ ಸ್ಪೇಸ್‌ನ ಮೇಲ್ತುದಿ ಕಡೆ, ರೀಲೊಕೇಶನ್ ಟ್ರಂಕೇಟೆಡ್ ಅಂತ ಲಿಂಕ್ ಒಡೆಯೋ ಸಾಧ್ಯತೆ ಇದೆ. ಎರಡು ಗಡಿ ಇಟ್ಕೊಂಡು ಸಿಯಲ್ಲೇ ಕಳೆದ್ಬಿಡಿ, ಮುಗೀತು.

ಹೆಸರಿನ ಶೈಲಿ ಬಗ್ಗೆ ನನಗೆ ದೊಡ್ಡ ಹಠ ಇಲ್ಲ. ಲಿನಕ್ಸ್‌ನಲ್ಲೇ ಎಸ್-ಇ ಜೋಡಿ ಇದೆ, ಬಿಗಿನ್-ಎಂಡ್ ಇದೆ, ಸ್ಟಾರ್ಟ್-ಸ್ಟಾಪ್ ಇದೆ, ಸ್ಟಾರ್ಟ್-ಎಂಡ್ ಇದೆ, ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, 6.2ರ ಹೊತ್ತಿಗೆ ಇದನ್ನ ಒಂದು ಹದಕ್ಕೆ ತರೋಕೆ ಬೌಂಡೆಡ್_ಸೆಕ್ಷನ್ ಅಂತ ಮ್ಯಾಕ್ರೊಗಳು ಬಂದ್ವು. ನೀವು ಹೊಸದಾಗಿ ಮಾಡೋದ್ರಿಂದ __ಸ್ಟಾರ್ಟ್_ಹೆಸರು, __ಸ್ಟಾಪ್_ಹೆಸರು ಅನ್ನೋದನ್ನ ಹಿಡೀರಿ ಅಂತೀನಿ, ಯಾಕಂದ್ರೆ ಸೆಕ್ಷನ್ ಹೆಸರು ಸಿ ಐಡೆಂಟಿಫೈಯರ್ ತರ ಇದ್ರೆ, ಅಂದ್ರೆ ಮುಂದೆ ಚುಕ್ಕಿ ಇಲ್ದಿದ್ರೆ, ಲಿಂಕರ್ ಆ ಎರಡು ಸಿಂಬಲ್‌ಗಳನ್ನ ಕೇಳ್ದೇನೇ ಕೊಡತ್ತೆ. ಡ್ರೈವರ್ ಟೇಬಲ್, ಇನಿಟ್‌ಕಾಲ್ ಟೇಬಲ್‌ಗಳಿಗೆಲ್ಲ ಇದು ಚೆನ್ನ. ಸೆಕ್ಷನ್ ಗಾರ್ಬೇಜ್ ಕಲೆಕ್ಷನ್ (ಯಾರೂ ಬಳಸದ ಸೆಕ್ಷನ್‌ಗಳನ್ನ ಲಿಂಕರ್ ಬಿಸಾಡೋದು) ಆನ್ ಮಾಡಿದ್ರೆ ಮಾತ್ರ ಆ ಟೇಬಲ್‌ಗಳಿಗೆ ಕೀಪ್ ಹಾಕೋದು ಮರೀಬೇಡಿ.

ಎಲ್ಲವನ್ನೂ ಒಂದೇ ಮಾಡೋ ಉತ್ಸಾಹಕ್ಕೆ ಮಾತ್ರ ಕಡಿವಾಣ ಇರ್ಲಿ. ರಿಸ್ಕ್-ವಿಯ __ಗ್ಲೋಬಲ್_ಪಾಯಿಂಟರ್$ ಅನ್ನೋದು .ಎಸ್‌ಡೇಟಾ ಶುರುವಿಗೆ 0x800 ಸೇರಿಸಿದ ಅಡ್ರೆಸ್, ಜಿಪಿಯಿಂದ ಎರಡೂ ಕಡೆ 2 ಕೆಬಿ ತಲುಪ್ಲಿ ಅಂತ, ಅದಕ್ಕೆ ಆರ್ಮ್64ನಲ್ಲಿ ಸಮಾನವಾದದ್ದೇನೂ ಇಲ್ಲ, ಅದು ರಿಸ್ಕ್-ವಿ ಫೈಲಲ್ಲೇ ಇರ್ಲಿ. ಆರ್ಮ್64ನ ಐಡೆಂಟಿಟಿ ಮ್ಯಾಪ್ ಟೆಕ್ಸ್ಟ್ (ವರ್ಚುಯಲ್, ಫಿಸಿಕಲ್ ಅಡ್ರೆಸ್ ಒಂದೇ ಆಗಿ ಓಡೋ ಕೋಡ್) ಗಡಿಗಳೂ ಅಷ್ಟೆ. ವಿಚಿತ್ರವನ್ನ ಕಾಮನ್ ಕೋಡಿಗೆ ಎಳೆದ್ರೆ ಏನಾಗತ್ತೆ ಅನ್ನೋದಕ್ಕೆ ಬ್ಲ್ಯಾಕ್‌ಫಿನ್ ನೋಡಿ. ಬ್ಲ್ಯಾಕ್‌ಫಿನ್ ಮತ್ತೆ ಮೆಟಾಗ್ ಕಂಪೈಲರ್‌ಗಳು ಪ್ರತಿ ಸಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸ್ತಿದ್ವು, ಹಾಗಾಗಿ ಲಿನಕ್ಸ್‌ನ ಕಾಮನ್ ಲಿಂಕರ್ ಹೆಡರಲ್ಲಿ ಪ್ರತಿಯೊಂದು ಸಿಂಬಲನ್ನೂ ವಿಎಂಲಿನಕ್ಸ್_ಸಿಂಬಲ್ ಅನ್ನೋ ಮ್ಯಾಕ್ರೊದಲ್ಲಿ ಸುತ್ತಿಡ್ಬೇಕಿತ್ತು, ಓದೋಕೇ ಆಗ್ತಿರ್ಲಿಲ್ಲ ಆ ಫೈಲು. ಸಿಂಬಲ್ ಟೇಬಲ್ ಕಟ್ಟೋ ಕಾಲ್‌ಸಿಮ್ಸ್ ಟೂಲಿನಲ್ಲೂ ಬ್ಲ್ಯಾಕ್‌ಫಿನ್‌ನ ಎಲ್1, ಎಲ್2 ಮೆಮೊರಿಗೆ ಅಂತ _ಎಸ್‌ಟೆಕ್ಸ್ಟ್_ಎಲ್1, _ಎಸ್‌ಟೆಕ್ಸ್ಟ್_ಎಲ್2 ಜೋಡಿಗಳಿದ್ವು. 2018ರಲ್ಲಿ 4.17 ಬಂದಾಗ ಬಳಕೆಯಲ್ಲಿಲ್ಲದ 8 ಆರ್ಕಿಟೆಕ್ಚರ್‌ಗಳನ್ನ ತೆಗೆದ್ರು, ಇವೆರಡೂ ಅದ್ರಲ್ಲಿ ಹೋದ್ವು, ಆಮೇಲೇ ಆ ಮ್ಯಾಕ್ರೊನ ಕಿತ್ತು ಹಾಕೋಕೆ ಆಗಿದ್ದು.

ಹಳೇ ಆರ್ಕಿಟೆಕ್ಚರ್‌ಗಳದ್ದೇ ಇನ್ನೊಂದು ಬಲೆ: 64 ಬಿಟ್ ಪವರ್‌ಪಿಸಿಯ ಹಳೇ ಎಬಿಐ (ಫಂಕ್ಷನ್ ಕರೆಯೋ ಬೈನರಿ ನಿಯಮಗಳು), ಐಟೇನಿಯಂ, ಪಿಎ-ರಿಸ್ಕ್‌ನಲ್ಲಿ ಫಂಕ್ಷನ್ ಪಾಯಿಂಟರ್ ಅಂದ್ರೆ ಕೋಡಿನ ಅಡ್ರೆಸ್ ಅಲ್ಲ, ಡಿಸ್ಕ್ರಿಪ್ಟರ್ ಅಡ್ರೆಸ್, ಅದನ್ನ ನೇರವಾಗಿ _ಎಸ್‌ಟೆಕ್ಸ್ಟ್ ಜೊತೆ ಹೋಲಿಸಿದ್ರೆ ಅರ್ಥ ಇಲ್ಲ. ನಿಮ್ಮ ಮೂರರಲ್ಲಿ ಈ ಕಾಟ ಇಲ್ಲ, ಮುಂದೆ ಹೋಗಿ.

ಕರಾರು ಬರೆದಾಯ್ತು, ಮ್ಯಾಕ್ರೊ ಆಯ್ತು, ಇನ್ನು ಕಾವಲು. ಒಂದು, ಲಿಂಕರಿಗೆ ಆರ್ಫನ್-ಹ್ಯಾಂಡ್ಲಿಂಗ್ ಆಯ್ಕೆಯನ್ನ ಎರರ್ ಅಂತ ಕೊಡಿ. ಲಿನಕ್ಸ್ 5.10ರಿಂದ ಇದನ್ನ ವಾರ್ನಿಂಗ್ ಮಟ್ಟದಲ್ಲಿ ಶುರು ಮಾಡಿದ್ರು, ನೀವು ಸಣ್ಣವ್ರು, ನೇರ ಎರರ್ ಮಾಡ್ಕೊಳ್ಳಿ. ಮೊದಲ ದಿನ ಡೀಬಗ್, ನೋಟ್ ಅಂತ ಹತ್ತಾರು ಸೆಕ್ಷನ್‌ಗಳು ಸಿಗತ್ವೆ, ಬೇಸರ ಮಾಡ್ಕೊಳ್ದೆ ಒಂದೊಂದನ್ನೂ ಇಟ್ಕೋಬೇಕಾ ಬಿಸಾಡ್ಬೇಕಾ ಅಂತ ಸ್ಕ್ರಿಪ್ಟಲ್ಲಿ ಬರೀರಿ. ಇದೊಂದು ಇದ್ದಿದ್ರೆ ನಿಮ್ಮ .ಎಸ್‌ಡೇಟಾ ಮೊದಲ ಬಿಲ್ಡಲ್ಲೇ ಸಿಕ್ಕಿಬೀಳ್ತಿತ್ತು. ಜೊತೆಗೆ ಗ್ನೂ ಲಿಂಕರೂ ಎಲ್‌ಎಲ್‌ಡಿ ಲಿಂಕರೂ ಆರ್ಫನ್‌ಗಳನ್ನ ಒಂದೇ ಕಡೆ ಇಡಲ್ಲ, ಲಿಂಕರ್ ಬದಲಿಸಿದ ತಕ್ಷಣ ಬಗ್ ಮಾಯ ಆಗೋದು, ಹೊಸದು ಹುಟ್ಟೋದು ಇದ್ರಿಂದಾನೇ. ಎರಡು, ಕರಾರಿನ ಪ್ರತಿ ಸಾಲಿಗೂ ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ಅಸರ್ಟ್ (ಸುಳ್ಳಾದ್ರೆ ಲಿಂಕ್ ನಿಲ್ಲಿಸೋ ಪರೀಕ್ಷೆ) ಹಾಕಿ, ಅದೂ ಕಾಮನ್ ಹೆಡರಿನಲ್ಲಿ ಒಂದೇ ಮ್ಯಾಕ್ರೊ ಮಾಡಿ ಮೂರೂ ಸ್ಕ್ರಿಪ್ಟಿಂದ ಕರೀರಿ: __ಇನಿಟ್_ಬಿಗಿನ್ ಪೇಜ್ ಅಲೈನ್ ಆಗಿದ್ಯಾ, __ಇನಿಟ್_ಎಂಡ್ ಆಗಿದ್ಯಾ, _ಎಸ್‌ಡೇಟಾ-_ಇಡೇಟಾ ರೇಂಜು ಇನಿಟ್ ರೇಂಜ್ ಮೇಲೆ ಬಿದ್ದಿಲ್ವಾ, _ಎಂಡ್ ಎಲ್ಲಕ್ಕಿಂತ ಕೊನೆಗಿದ್ಯಾ. ಲಿನಕ್ಸ್‌ನ ಆರ್ಮ್64 ಸ್ಕ್ರಿಪ್ಟಲ್ಲಿ _ಟೆಕ್ಸ್ಟ್ ಇರ್ಬೇಕಾದ ಅಡ್ರೆಸ್ಸಲ್ಲೇ ಇದ್ಯಾ ಅಂತ, ಎಕ್ಸ್86ನಲ್ಲಿ ಇಮೇಜು ನಿಗದಿ ಸೈಜ್ ಮೀರಿಲ್ವಾ ಅಂತ ಇಂಥದ್ದೇ ಅಸರ್ಟ್‌ಗಳಿವೆ. ಮೂರು, ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗೇ ಓಡೋ ಬಿಲ್ಡ್) ಮೂರೂ ಇಮೇಜಿನ ಮೇಲೆ ಎನ್‌ಎಂ (ಸಿಂಬಲ್ ಪಟ್ಟಿ ತೋರಿಸೋ ಟೂಲ್) ಓಡಿಸಿ ಅಡ್ರೆಸ್ ಕ್ರಮದಲ್ಲಿ ಗಡಿ ಸಿಂಬಲ್‌ಗಳನ್ನಷ್ಟೇ ಹೊರತೆಗೆದು ನೋಡೋ ಹತ್ತು ಸಾಲಿನ ಸ್ಕ್ರಿಪ್ಟ್ ಇರ್ಲಿ. ಕ್ರಮ ಮೂರರಲ್ಲೂ ಒಂದೇ ಇರ್ಬೇಕಂತಿಲ್ಲ, ಆದ್ರೆ ಪ್ರತಿ ಜೋಡಿ ಇರ್ಬೇಕು, ಶುರು ಮೊದ್ಲು ಬರ್ಬೇಕು, ಟೈಪ್ ಕಾಲಂನಲ್ಲಿ ಆಬ್ಸಲ್ಯೂಟ್ ಗುರುತು ಇರ್ಬಾರ್ದು.

ಕೊನೆಗೆ ಬದಲಾವಣೆ ಮಾಡೋ ಕ್ರಮ. ಹಳೇ ಹೆಸರುಗಳನ್ನ ಒಂದೇ ಏಟಿಗೆ ಅಳಿಸ್ಬೇಡಿ, ನಿಮ್ಮ ಡೀಬಗರ್ ಸ್ಕ್ರಿಪ್ಟು, ಕ್ರ್ಯಾಶ್ ಡಂಪ್ ಓದೋ ಟೂಲು ಇವೂ ಅದನ್ನ ಹೆಸರಿಂದಾನೇ ಹುಡುಕ್ತಿರ್ತವೆ. ಲಿನಕ್ಸ್‌ನಲ್ಲಿ ಪರ್ಫ್ ಅನ್ನೋ ವೇಗ ಅಳೆಯೋ ಟೂಲ್ ರೀಲೊಕೇಶನ್ ಲೆಕ್ಕಕ್ಕೆ ಮೊದ್ಲು _ಟೆಕ್ಸ್ಟ್ ಹುಡುಕಿ, ಸಿಗ್ದಿದ್ರೆ _ಎಸ್‌ಟೆಕ್ಸ್ಟ್ ಅಂತ ಎರಡೂ ಇಟ್ಕೊಂಡಿದೆ, ವಿಎಂಕೋರ್‌ಇನ್ಫೋದಲ್ಲಿ (ಕ್ರ್ಯಾಶ್ ಡಂಪ್ ಓದೋಕೆ ಬೇಕಾದ ಮಾಹಿತಿ) _ಎಸ್‌ಟೆಕ್ಸ್ಟ್ ಹೊರಗಿನ ಟೂಲ್‌ಗಳಿಗೆ ಅಂತಾನೇ ಹೋಗತ್ತೆ, ಅಂಥ ಹೆಸರನ್ನ ಈಗ ಅವ್ರೂ ಬದಲಿಸೋಕಾಗಲ್ಲ. ಹಾಗಾಗಿ ಮೊದಲ ಪ್ಯಾಚಲ್ಲಿ ಹೆಡರು ಮತ್ತೆ ಕಾಮೆಂಟು, ಎರಡನೇದ್ರಲ್ಲಿ ಎಕ್ಸ್86 ಸ್ಕ್ರಿಪ್ಟಿಗೆ ಹೊಸ ಹೆಸರು ಮತ್ತೆ ಹಳೇದಕ್ಕೆ ಪ್ರೊವೈಡ್ ಬಳಸಿ ಅಲಿಯಾಸ್, ಆಮೇಲೆ ಆರ್ಮ್64, ಆಮೇಲೆ ರಿಸ್ಕ್-ವಿ, ಒಂದೊಂದಕ್ಕೂ ಬೇರೆ ಪ್ಯಾಚ್, ಹೆಸರು ಬದಲಿಸೋ ಪ್ಯಾಚಲ್ಲಿ ಜಾಗ ಬದಲಿಸ್ಬೇಡಿ, ಜಾಗ ಬದಲಿಸೋ ಪ್ಯಾಚಲ್ಲಿ ಹೆಸರು ಬದಲಿಸ್ಬೇಡಿ. ಹೆಸರಿನ ಪ್ಯಾಚ್ ಆದ್ಮೇಲೆ ಎನ್‌ಎಂ ಪಟ್ಟಿಯಲ್ಲಿ ಯಾವ ಅಡ್ರೆಸ್ಸೂ ಕದಲಿರ್ಬಾರ್ದು, ಕದಲಿದ್ರೆ ಆ ಪ್ಯಾಚಲ್ಲಿ ಬೇರೇನೋ ಸೇರ್ಕೊಂಡಿದೆ ಅಂತ ಅರ್ಥ. ಪ್ರೊವೈಡ್‌ನ ಅನುಕೂಲ ಏನಂದ್ರೆ ಯಾರೂ ಬಳಸ್ದೇ ಇದ್ರೆ ಆ ಸಿಂಬಲ್ ಇಮೇಜಿಗೆ ಬರೋದೇ ಇಲ್ಲ, ಹಾಗಾಗಿ ಎನ್‌ಎಂ ಪಟ್ಟಿಯಲ್ಲಿ ಕರ್ನಲ್_ಸ್ಟಾರ್ಟ್ ಕಾಣಿಸೋದು ನಿಂತ್ರೆ ಕರ್ನಲ್ ಒಳಗೆ ಅದನ್ನ ಕೇಳೋರು ಯಾರೂ ಉಳಿದಿಲ್ಲ ಅಂತಾಯ್ತು, ಹೊರಗಿನ ಟೂಲ್‌ಗಳಲ್ಲಿ ಒಮ್ಮೆ ಗ್ರೆಪ್ ಮಾಡಿ ಅಲಿಯಾಸ್ ಸಾಲನ್ನ ತೆಗೀರಿ.